ಬರೀ ಆಟ ತಾನೆ?

"ಬರೀ ಆಟ ತಾನೆ?" ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಪ್ಪಂದಿರು ಹೇಳುತ್ತಾರೆ, ಅಮ್ಮಂದಿರು ಅವರಿಗಿಂತ ಒಂದು ಸ್ವರ ಮೇಲೆಯೇ ಹೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ನನ್ನ ಸಹೋದ್ಯೋಗಿಗಳೂ ಹೇಳುತ್ತಾರೆ. ಪಾಪ, ಇವರೆಲ್ಲ ತಿಳಿಯದೆ ಹೇಳಿದರು ಎಂದುಕೊಳ್ಳೋಣ. ಆದರೆ ಕಂಪ್ಯೂಟರಿನ ಒಳಗನ್ನು ಕಟ್ಟುವ ಜಾಣರಲ್ಲೂ ಅನೇಕರು ಹತ್ತು ಹದಿನೈದು ವರ್ಷ ಇದೇ ಧಾಟಿಯಲ್ಲಿ ಮಾತಾಡಿಕೊಂಡು ಬಂದರಲ್ಲ, ಅವರಿಗೆ ಏನು ಹೇಳುವುದು? ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ಏರ್ಪಾಡನ್ನು ತೆಗೆದು ಹೊಸದನ್ನು ಕೂರಿಸಲು ಅವರು ಹೊರಟರು. "ಹೊಸದರಲ್ಲಿ ನಮ್ಮ ಆಟಗಳು ಸರಿಯಾಗಿ ಓಡುತ್ತಿಲ್ಲ" ಎಂದು ದೂರಿದವರಿಗೆ ಬಹಳ ಸಲ ಸಿಕ್ಕ ಉತ್ತರ, ಎಷ್ಟೇ ಸುತ್ತಿ ಬಳಸಿ ಹೇಳಿದ್ದರೂ, ಇದೇ.

ನಾನು ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವವಳು. ನಿಮಗೇಕೆ ಮೇಡಂ ಈ ಉಸಾಬರಿ ಎಂದು ನೀವು ಕೇಳಬಹುದು. ಉಸಾಬರಿ ಬಂದದ್ದು ತಂಗಿಯ ಮನೆಯಿಂದ. ತಂಗಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಎಂಜಿನಿಯರಿಂಗ್ ಸೇರಿದ ವರ್ಷ, 2017ರಲ್ಲಿ, ಅವನಿಗೆಂದು ಒಂದು ಕಂಪ್ಯೂಟರು ತಂದರು. ಆಟ ಆಡುವುದಕ್ಕೆಂದೇ ಅದರೊಳಗೆ ಬೇರೆಯಾಗಿ ಒಂದು ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿಕೊಂಡ. ಆಗ ಯಾರೂ ಮೂಗು ಮುರಿಯಲಿಲ್ಲ. "ಗಂಡುಹುಡುಗ, ಬೀದಿ ಸುತ್ತುವ ಬದಲು ಮನೆಯಲ್ಲಿ ಕೂತು ಆಡಿಕೊಳ್ಳಲಿ" ಎಂದರು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಹೊಸ ಲ್ಯಾಪ್‌ಟಾಪು ಬಂತು, ಹಳೆಯ ಡಬ್ಬ ಹುಡುಗಿಯ ಪಾಲಿಗೆ ಇಳಿಯಿತು. ನಮ್ಮ ಮನೆಗಳಲ್ಲಿ ಅಣ್ಣನ ಸ್ವೆಟರು, ಅಣ್ಣನ ಸೈಕಲ್ಲು, ಅಣ್ಣನ ಕಂಪಾಸ್ ಬಾಕ್ಸು ಇಳಿದು ಬರುವ ಹಾಗೆ. ಅವಳು ದೂರಲಿಲ್ಲ. ನಮ್ಮ ಹುಡುಗಿಯರು ಇಂಥದ್ದಕ್ಕೆಲ್ಲ ದೂರುವುದಿಲ್ಲ, ಅದೇ ನನ್ನ ಸಿಟ್ಟು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ಲಿನ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರು ಇರಬೇಕು, ಟಿಪಿಎಂ 2.0 ಎಂಬ ಬೀಗದಂಥ ಭದ್ರತೆಯ ಏರ್ಪಾಡೂ ಇರಬೇಕು. ಈ ಡಬ್ಬದಲ್ಲಿದ್ದದ್ದು ಆರನೆಯ ತಲೆಮಾರಿನದು. ಅಂಗಡಿಯವನನ್ನು ಕೇಳಿದರೆ, "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ" ಎಂದು ನಲವತ್ತೈದು ಸಾವಿರದ ಚೀಟಿ ಬರೆದುಕೊಟ್ಟ. ಚೆನ್ನಾಗಿ ನಡೆಯುತ್ತಿರುವ ಯಂತ್ರ! ಫ್ಯಾನಿನ ಧೂಳು ಒರೆಸಿದರೆ ಇನ್ನೂ ಐದು ವರ್ಷ ದುಡಿಯುವಂಥದ್ದು. ಹುಡುಗಿ ಅಪ್ಪನಿಗೆ ಏನೂ ಹೇಳದೆ ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿಕೊಂಡು ಬಂದು ಒಂದು ಭಾನುವಾರ ತಾನೇ ಕೂರಿಸಿದಳು. ಒಂದು ಪೈಸೆ ಖರ್ಚಿಲ್ಲ. ಕನ್ನಡ ಟೈಪಾಯಿತು, ಸಿನಿಮಾ ನಡೆಯಿತು, ಕಾಲೇಜಿನ ಪ್ರಾಜೆಕ್ಟೂ ನಡೆಯಿತು. ಆಟ ತೆರೆದರೆ ಮಾತ್ರ ಚಿತ್ರ ತಡೆದು ತಡೆದು, ಏದುಸಿರು ಬಿಡುತ್ತ ಓಡುತ್ತಿತ್ತು.

"ನೋಡಿ ದೊಡ್ಡಮ್ಮ, ರಾಜಿ ಬಿಲ್ಲು ಎತ್ತೋದ್ರೊಳಗೆ ರಾಕ್ಷಸ ಹೊಡೆದು ಹೋಗಿರ್ತಾನೆ" ಎಂದು ಅವಳು ತೋರಿಸಿದಾಗ ನಾನು ಮೊದಲು ಕೇಳಿದ್ದು ರಾಜಿ ಯಾರೆಂದು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಂಸ್ಥೆ 2020ರಲ್ಲಿ ತಂದ ಆಟ ಅದು. ರಾಜಿ ಸರ್ಕಸ್ಸಿನ ಹುಡುಗಿ. ತಮ್ಮನನ್ನು ರಾಕ್ಷಸರು ಹೊತ್ತುಕೊಂಡು ಹೋದಾಗ ದುರ್ಗೆಯ ವರ ಪಡೆದು ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ಕೋಟೆ, ಕಂಬ, ದೇವಸ್ಥಾನ, ಗೋಡೆಯ ಮೇಲಿನ ಚಿತ್ರ ಎಲ್ಲ ನಮ್ಮ ನಾಡಿನವೇ. ಬಾಲ್ಯದಲ್ಲಿ ನಾವು ಓದಿದ ಕಥೆಗಳಲ್ಲಿ ರಾಜಕುಮಾರ ಹೋಗಿ ರಾಜಕುಮಾರಿಯನ್ನು ಬಿಡಿಸಿಕೊಂಡು ಬರುತ್ತಿದ್ದ. ಇಲ್ಲಿ ಅಕ್ಕ ಹೋಗುತ್ತಾಳೆ. ಇಂಥದ್ದನ್ನು ಒಬ್ಬ ಹುಡುಗಿ ಆಡಬೇಕೆಂದರೆ ಬೇಡ ಎನ್ನಲು ನನಗಂತೂ ಬಾಯಿ ಬರಲಿಲ್ಲ. ಆಟ ಏಕೆ ತಡೆಯುತ್ತದೆ ಎಂದು ಅವಳು ಹುಡುಕುತ್ತ ಹೋದಳು, ಅವಳ ಹಿಂದೆ ನಾನೂ ಹೋದೆ. ಅಲ್ಲಿ ಕಂಡದ್ದು ಒಂದು ದೊಡ್ಡ ಮನೆಯ ಜಗಳ.

ಸ್ವಲ್ಪ ಪಾಠ ಮಾಡುತ್ತೇನೆ, ಟೀಚರ ಚಾಳಿ, ಸಹಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ನಾಲ್ಕಾರು ಕೆಲಸಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಯಾವ ಕಿಟಕಿ ಮೇಲೆ, ಯಾವುದು ಕೆಳಗೆ, ನೀವು ಒತ್ತಿದ ಅಕ್ಷರ ಯಾರಿಗೆ ಸೇರಬೇಕು ಎಂದು ನೋಡಿಕೊಳ್ಳಲು ಒಬ್ಬ ಯಜಮಾನ ಬೇಕು. ಲಿನಕ್ಸಿನಲ್ಲಿ ಬಹುಕಾಲ ಈ ಯಜಮಾನಿಕೆ ಮಾಡಿದ್ದು ಎಕ್ಸ್ ಎಂಬುದು. ಅದು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು. ಇವತ್ತಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿ ಬಂದದ್ದು 1987ರಲ್ಲಿ. ಅಂದರೆ 1991ರಲ್ಲಿ ಹುಟ್ಟಿದ ಲಿನಕ್ಸಿಗಿಂತ ಇದೇ ಹಿರಿಯ. ಡಬ್ಲ್ಯು ಎಂಬ ಏರ್ಪಾಡಿನ ನಂತರ ಬಂದದ್ದರಿಂದ ಎಕ್ಸ್ ಎಂದು ಹೆಸರಿಟ್ಟರಂತೆ. ಹೆಸರಿಡುವ ವಿಷಯದಲ್ಲಿ ಎಂಜಿನಿಯರುಗಳ ಕಲ್ಪನೆ ಇಷ್ಟೇ.

ಎಕ್ಸ್ ಹಳೆಯ ತೊಟ್ಟಿಮನೆಯ ಹಾಗೆ. ಎಲ್ಲರೂ ಒಂದೇ ಅಂಗಳದಲ್ಲಿ. ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳುತ್ತದೆ, ಒಬ್ಬರ ಕಾಗದವನ್ನು ಇನ್ನೊಬ್ಬರು ಒಡೆದು ಓದಬಹುದು. ನೀವು ಒಂದು ಕಿಟಕಿಯಲ್ಲಿ ಬ್ಯಾಂಕಿನ ಗುಪ್ತಪದ ಹೊಡೆಯುತ್ತಿದ್ದರೆ ಪಕ್ಕದ ಕಿಟಕಿಯಲ್ಲಿರುವ ಯಾವುದೋ ಪೋಲಿ ಪ್ರೋಗ್ರಾಮು ಅದನ್ನು ಕದ್ದು ಕೇಳಬಹುದು. ಯಾರೂ ತಡೆಯುವುದಿಲ್ಲ. 1984ರಲ್ಲಿ ವಿಶ್ವವಿದ್ಯಾಲಯದ ಒಳಗೆ ನಾಲ್ಕು ಜನ ಸಜ್ಜನರು ಬಳಸುವಾಗ ಇದು ದೊಡ್ಡದೆನಿಸಿರಲಿಕ್ಕಿಲ್ಲ. ಇವತ್ತು ಅದು ಬಾಗಿಲಿಲ್ಲದ ಮನೆ. ಹೀಗಾಗಿ 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಎಂಬಾತ ಹೊಸ ನಕ್ಷೆ ಬರೆಯಲು ಕೂತ. ಮ್ಯಾಸಚುಸೆಟ್ಸಿನ ವೇಲ್ಯಾಂಡ್ ಎಂಬ ಊರನ್ನು ಹಾದು ಕಾರಿನಲ್ಲಿ ಹೋಗುವಾಗ ಈ ಯೋಚನೆ ಸ್ಪಷ್ಟವಾಯಿತೆಂದು ಅದಕ್ಕೆ ಆ ಊರಿನ ಹೆಸರೇ ಆಯಿತು. ವೇಲ್ಯಾಂಡಿನಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆ, ಕೋಣೆಗೆ ಚಿಲಕ. ಯಾರು ಯಾರನ್ನೂ ಇಣುಕುವಂತಿಲ್ಲ. ಪರದೆಯ ಫೋಟೋ ತೆಗೆಯಬೇಕೆಂದರೂ ಕೇಳಿ ಅಪ್ಪಣೆ ಪಡೆಯಬೇಕು.

ಇದು ಒಳ್ಳೆಯದೇ. ಎಕ್ಸ್ ಹೋಗಬೇಕಾಗಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ತಬ್ಬಿಕೊಂಡು ಅಳುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ತೊಟ್ಟಿಮನೆಯ ವೈಭವ ಹಾಡುವವರು ಸಾಮಾನ್ಯವಾಗಿ ಅಲ್ಲಿ ಪಾತ್ರೆ ತೊಳೆದವರಾಗಿರುವುದಿಲ್ಲ. ನನ್ನ ತಕರಾರು ಇರುವುದು ಮನೆ ಬದಲಿಸಿದ ಕ್ರಮದ ಬಗ್ಗೆ, ಮತ್ತು ಯಾರನ್ನು ಲೆಕ್ಕಕ್ಕೆ ಇಟ್ಟುಕೊಂಡು ಯಾರನ್ನು ಬಿಟ್ಟರು ಎನ್ನುವ ಬಗ್ಗೆ.

ಪರದೆಯ ಏರ್ಪಾಡು ಗಟ್ಟಿಯೋ ಪೊಳ್ಳೋ ಎಂದು ತಿಳಿಯಬೇಕಾದರೆ ಆಟಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕ ಇಲ್ಲ. ಕಾಗದ ಟೈಪು ಮಾಡುವಾಗ ಅಕ್ಷರ ಕಣ್ಣು ಮಿಟುಕಿಸುವಷ್ಟು ತಡವಾಗಿ ಮೂಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಬರಬೇಕು. ಒಂದೊಂದಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಹುಡುಗಿಯ ಬೆರಳು ಒತ್ತಿದ್ದು ಆಟಕ್ಕೆ ತಲುಪಬೇಕು, ಆಟ ಲೆಕ್ಕ ಹಾಕಬೇಕು, ಕಾರ್ಡು ಚಿತ್ರ ಬರೆಯಬೇಕು, ಯಜಮಾನ ಅದನ್ನು ಪರದೆಗೆ ತರಬೇಕು. ಒಂದು ಚಿತ್ರ ತಪ್ಪಿದರೆ ಕಣ್ಣಿಗೆ ಕುಕ್ಕುತ್ತದೆ, ಹತ್ತು ತಪ್ಪಿದರೆ ರಾಕ್ಷಸ ಗೆಲ್ಲುತ್ತಾನೆ. ಇಂಥ ಪರೀಕ್ಷೆಯಲ್ಲಿ ನಪಾಸಾದವನು "ಪ್ರಶ್ನೆಪತ್ರಿಕೆಯೇ ಸರಿಯಿಲ್ಲ" ಎಂದರೆ ಹೇಗೆ? ನಮ್ಮ ಶಾಲೆಯಲ್ಲಿ ಅಂಥ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ವೇಲ್ಯಾಂಡಿನವರಿಗೆ ಒಂದು ಆದರ್ಶವಿತ್ತು: ಪರದೆಗೆ ಬರುವ ಪ್ರತಿ ಚಿತ್ರವೂ ಪೂರ್ಣವಾಗಿರಬೇಕು, ಮೇಲರ್ಧ ಹೊಸದು ಕೆಳಗರ್ಧ ಹಳೆಯದು ಆಗಿ ಹರಿದುಹೋಗಬಾರದು. ಸಿನಿಮಾ ನೋಡುವವರಿಗೆ ಇದು ಸೊಗಸು. ಆದರೆ ಪೂರ್ಣ ಚಿತ್ರಕ್ಕಾಗಿ ಕಾಯುವಾಗ ಒಂದಿಷ್ಟು ತಡವಾಗುತ್ತದೆ. ಕ್ಷಣ ಕ್ಷಣಕ್ಕೂ ಗುರಿಯಿಡುವ ಆಟಗಾರರು ಕೇಳಿದ್ದು, "ಚಿತ್ರ ಹರಿದಿದ್ದರೂ ಪರವಾಗಿಲ್ಲ, ತಡವಾಗಬಾರದು" ಎಂದು. ರೊಟ್ಟಿ ಸ್ವಲ್ಪ ಹರಿದಿದ್ದರೂ ಚಿಂತೆಯಿಲ್ಲ, ಹೆಂಚಿನಿಂದ ಬಿಸಿಬಿಸಿಯಾಗಿ ತಟ್ಟೆಗೆ ಬೀಳಲಿ ಎಂದ ಹಾಗೆ. ಕೇಳುವವನ ಹಸಿವು ಅವನಿಗೆ ಗೊತ್ತು. ಆದರೂ, ಹರಿದ ರೊಟ್ಟಿ ಬಡಿಸುವುದು ನಮ್ಮ ಮನೆಯ ಮರ್ಯಾದೆಯಲ್ಲ ಎಂದು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ, ಬೇಕಾದ ಆಟಕ್ಕೆ ಹಾಗೆ ಮಾಡಲು ಅಪ್ಪಣೆ ಕೊಡುವ ನಿಯಮ ಬಂದದ್ದು 2022ರಲ್ಲಿ. ಲೆಕ್ಕ ಹಾಕಿ: ವೇಲ್ಯಾಂಡ್ ಶುರುವಾಗಿ ಹದಿನಾಲ್ಕು ವರ್ಷವಾಗಿತ್ತು. ಒಂದು ಮಗು ಹುಟ್ಟಿ ನನ್ನ ಒಂಬತ್ತನೆಯ ತರಗತಿಗೆ ಬಂದು ಕೂರುವಷ್ಟು ಕಾಲ.

ಇನ್ನು ಭಾಷೆಯ ತೊಡಕು. ಹೆಚ್ಚಿನ ಆಟಗಳು ವಿಂಡೋಸಿಗಾಗಿ ಬರೆದವು. ಅವನ್ನು ಲಿನಕ್ಸಿನಲ್ಲಿ ನಡೆಸಲು ವೈನ್ ಎಂಬ ದುಭಾಷಿ 1993ರಿಂದ ದುಡಿಯುತ್ತಿದೆ. ಅದರ ಮೇಲೆ ಕಟ್ಟಿದ ಪ್ರೋಟಾನ್ ಎಂಬುದನ್ನು ಆಟ ಮಾರುವ ವಾಲ್ವ್ ಕಂಪನಿ 2018ರಲ್ಲಿ ತಂದಿತು. ಈ ದುಭಾಷಿ ಕಲಿತದ್ದು ಎಕ್ಸಿನ ಭಾಷೆ. ವೇಲ್ಯಾಂಡಿನ ಮನೆಯಲ್ಲಿ ಆ ಭಾಷೆ ಬಲ್ಲವರಿಲ್ಲ. ಆದ್ದರಿಂದ ಎಕ್ಸ್‌ವೇಲ್ಯಾಂಡ್ ಎಂಬ ಇನ್ನೊಬ್ಬ ದುಭಾಷಿಯನ್ನು ನಡುವೆ ಕೂರಿಸಿದರು. ಪುಣೆಯಲ್ಲಿ ವಿಂಡೋಸಿಗೆ ಬರೆದ ರಾಜಿ ಪ್ರೋಟಾನಿಗೆ ಹೇಳುತ್ತಾಳೆ, ಪ್ರೋಟಾನು ಎಕ್ಸ್‌ವೇಲ್ಯಾಂಡಿಗೆ ಹೇಳುತ್ತದೆ, ಅದು ವೇಲ್ಯಾಂಡಿಗೆ ಹೇಳುತ್ತದೆ. ಸಂಬಂಧ ಕುದುರಿಸುವ ಮೂರು ಮಧ್ಯಸ್ಥರ ನಡುವೆ ಹೆಣ್ಣಿನ ಮಾತು ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಇಷ್ಟಿದ್ದರೂ ಸಾವಿರಾರು ಆಟಗಳು ನಡೆಯುತ್ತವೆ, ಕೆಲವಂತೂ ವಿಂಡೋಸಿನಷ್ಟೇ ಚುರುಕಾಗಿ ನಡೆಯುತ್ತವೆ ಎನ್ನುವುದು ಈ ದುಭಾಷಿಗಳ ಜಾಣ್ಮೆ. ಅವರಿಗೆ ಕೈ ಮುಗಿಯಬೇಕು. ವೈನ್ ನೇರವಾಗಿ ವೇಲ್ಯಾಂಡಿನ ಜೊತೆ ಮಾತಾಡುವ ಪ್ರಯೋಗ 2024ರ ಜನವರಿಯಲ್ಲಿ ಬಂದ ಒಂಬತ್ತನೆಯ ಆವೃತ್ತಿಯಲ್ಲಿ ಸೇರಿತು.

ಗ್ರಾಫಿಕ್ಸ್ ಕಾರ್ಡಿನ ಕಥೆ ಇದಕ್ಕಿಂತ ಕಹಿ. ಇಂಟೆಲ್ ಮತ್ತು ಎಎಂಡಿಯವರ ಕಾರ್ಡುಗಳನ್ನು ನಡೆಸುವ ತಂತ್ರಾಂಶ ಎಲ್ಲರೂ ತೆರೆದು ನೋಡಬಹುದಾದದ್ದು, ಹಾಗಾಗಿ ವೇಲ್ಯಾಂಡಿನ ಜೊತೆ ಅವು ಬೇಗ ಹೊಂದಿಕೊಂಡವು. ಎನ್‌ವಿಡಿಯಾ ತನ್ನದೇ ದಾರಿ ಹಿಡಿಯಿತು. ಎಲ್ಲರೂ ಒಪ್ಪಿದ ಒಂದು ವಿಧಾನವಿದ್ದಾಗ ತಾನು ಬೇರೆಯದನ್ನೇ ಮುಂದಿಟ್ಟು ವರ್ಷಗಟ್ಟಲೆ ಕೂತು, 2021ರ ಅಕ್ಟೋಬರಿನಲ್ಲಿ 495ನೆಯ ಡ್ರೈವರಿನಲ್ಲಿ ಎಲ್ಲರ ದಾರಿಗೆ ಬಂತು. ಆ ಮೇಲೂ ಒಂದು ಕಾಟ ಉಳಿಯಿತು: ಕಾರ್ಡು ಒಂದು ಚಿತ್ರವನ್ನು ಬರೆದು ಮುಗಿಸಿತೋ ಇಲ್ಲವೋ ಎಂದು ಯಜಮಾನನಿಗೆ ಖಚಿತವಾಗಿ ತಿಳಿಯುತ್ತಿರಲಿಲ್ಲ. ಅರೆಬೆಂದದ್ದನ್ನು ಬಡಿಸಿದ ಹಾಗೆ ಹಳೆಯ ಚಿತ್ರ ಹೊಸದರ ಹಿಂದೆ ಬಂದು ಪರದೆ ಮಿಣಮಿಣ ಮಿನುಗುತ್ತಿತ್ತು. ಇಬ್ಬರೂ ಸ್ಪಷ್ಟವಾಗಿ ಹೇಳಿ ಕೇಳಿ ಮಾಡುವ ಏರ್ಪಾಡು ಬಂದದ್ದು 2024ರಲ್ಲಿ, ಎನ್‌ವಿಡಿಯಾದ 555ನೆಯ ಡ್ರೈವರಿನ ಜೊತೆಗೆ. ಆದರೆ ಕೆಪ್ಲರ್ ಎಂಬ ತಲೆಮಾರಿನ ಹಳೆಯ ಕಾರ್ಡುಗಳು, ಅಂದರೆ 600 ಮತ್ತು 700ರ ಸಾಲಿನ ಬಹುಪಾಲು ಕಾರ್ಡುಗಳು, 470ನೆಯ ಡ್ರೈವರಿಗೇ ನಿಂತುಹೋದವು. ಈ ಯಾವ ಸುಧಾರಣೆಯೂ ಅವಕ್ಕೆ ತಲುಪಲಿಲ್ಲ. ಅಂಥ ಕಾರ್ಡು ಯಾರ ಮನೆಯಲ್ಲಿರುತ್ತದೆ? ಹೊಸದು ಕೊಳ್ಳಲಾಗದವರ ಮನೆಯಲ್ಲಿ, ಅಣ್ಣನ ಡಬ್ಬ ಇಳಿದು ಬಂದ ತಂಗಿಯ ಮೇಜಿನ ಮೇಲೆ.

ಈಗ ನೇರವಾಗಿ ಜಗಳಕ್ಕೆ ಬರುತ್ತೇನೆ. ಈ ದೋಷಗಳೆಲ್ಲ ಒಂದೊಂದಾಗಿ ನೇರವಾದದ್ದು ಹೇಗೆ? ಬಹುಮಟ್ಟಿಗೆ ಈ "ಬರೀ ಆಟ"ದವರ ಹಟದಿಂದ. ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಳಗಿದ್ದದ್ದು ಲಿನಕ್ಸ್, ಆಟಗಳ ಪರದೆಯ ಯಜಮಾನಿಕೆ ಗೇಮ್‌ಸ್ಕೋಪ್ ಎಂಬ ವೇಲ್ಯಾಂಡ್ ಬಗೆಯದು. ಹಣ ಬಂತು, ಸಂಬಳದ ಎಂಜಿನಿಯರುಗಳು ಬಂದರು, ಅಲ್ಲಿಯವರೆಗೆ ಆಗುವುದಿಲ್ಲ ಎಂದದ್ದು ಆಗತೊಡಗಿತು. ವಾಲ್ವ್ ಇದನ್ನು ಧರ್ಮಕ್ಕೆ ಮಾಡಲಿಲ್ಲ, ಆಟ ಮಾರಿ ಲಾಭ ಮಾಡಲು ಮಾಡಿತು. ಆದರೆ ಲಾಭ ಎಲ್ಲರ ಪಾಲಿಗೂ ಒಂದಿಷ್ಟು ಸಿಡಿಯಿತು. ಬೇರೆ ಬೇರೆ ವೇಗದ ಎರಡು ಪರದೆಗಳನ್ನು ಜೋಡಿಸಿದರೆ ಎಕ್ಸ್ ಒದ್ದಾಡುತ್ತದೆ, ವೇಲ್ಯಾಂಡ್ ಸಲೀಸಾಗಿ ನಿಭಾಯಿಸುತ್ತದೆ. ಬೆಳಕು ನೆರಳಿನ ಹೆಚ್ಚಿನ ಹರವಿರುವ ಎಚ್‌ಡಿಆರ್ ಚಿತ್ರಗಳು ವೇಲ್ಯಾಂಡಿನಲ್ಲಿಯೇ ಬಂದವು. ಸ್ಟೀಮ್ ಅಂಗಡಿಯ ತಿಂಗಳ ಸಮೀಕ್ಷೆಯಲ್ಲಿ ಲಿನಕ್ಸಿನಲ್ಲಿ ಆಡುವವರ ಪಾಲು 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ನೂರಕ್ಕೆ 3ನ್ನು ದಾಟಿತು. ಆಡುವವರನ್ನು ಮೊದಲೇ ಪಕ್ಕದಲ್ಲಿ ಕೂರಿಸಿಕೊಂಡು "ನಿಮಗೇನು ಬೇಕು" ಎಂದು ಕೇಳಿದ್ದರೆ ಈ ಹಾದಿ ಇಷ್ಟು ಉದ್ದವಾಗುತ್ತಿತ್ತೇ?

ಸುಧಾರಿಸಿದ್ದು ನಿಜವಾದ ಮೇಲೆ ಇನ್ನೇನು ತಕರಾರು ಎನ್ನುತ್ತೀರಾ? ಸ್ವಲ್ಪ ತಾಳಿ. ಮೊದಲೆಲ್ಲ ಲಾಗಿನ್ ಆಗುವಾಗ ಮೂಲೆಯಲ್ಲೊಂದು ಹಲ್ಲುಚಕ್ರದ ಗುರುತು ಇರುತ್ತಿತ್ತು. ಅದನ್ನು ಒತ್ತಿ ವೇಲ್ಯಾಂಡ್ ಬೇಕೋ ಎಕ್ಸ್ ಬೇಕೋ ಆರಿಸಿಕೊಳ್ಳಬಹುದಿತ್ತು. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಬರಬಹುದಿತ್ತು. 2025ರ ಸೆಪ್ಟೆಂಬರಿನಲ್ಲಿ ಬಂದ ಗ್ನೋಮ್ 49ರಲ್ಲಿ ಈ ಎಕ್ಸ್ ಬಾಗಿಲನ್ನು ಮುಚ್ಚಿಯೇ ಕೊಟ್ಟರು. ಮರುತಿಂಗಳು ಬಂದ ಉಬುಂಟು 25.10ರ ಗ್ನೋಮಿನಲ್ಲೂ ಅದು ಇಲ್ಲವಾಯಿತು. ಕೆಡಿಇಯವರು ತಮ್ಮ ಪ್ಲಾಸ್ಮಾ 6.8ರಿಂದ ಎಕ್ಸ್ ಇರುವುದಿಲ್ಲವೆಂದು ಅದೇ ನವೆಂಬರಿನಲ್ಲಿ ಸಾರಿದರು. ಹಳೆಯ ಆಟಗಳಿಗೆ ಎಕ್ಸ್‌ವೇಲ್ಯಾಂಡ್ ಎಂಬ ದುಭಾಷಿ ಉಳಿಯುತ್ತದೆ, ನಿಜ. ಆದರೆ ಯಾರ ಕಾರ್ಡಿಗೆ ವೇಲ್ಯಾಂಡೇ ಹೊಂದುವುದಿಲ್ಲವೋ ಅವರಿಗೆ ದುಭಾಷಿ ಇದ್ದೂ ಏನು ಫಲ? ವಿಂಡೋಸ್ 10 ಬಿಟ್ಟು ಬಂದ ಹಳೆಯ ಯಂತ್ರಗಳು ಲಿನಕ್ಸಿನ ಬಾಗಿಲು ತಟ್ಟುತ್ತಿರುವ ಅದೇ ಹೊತ್ತಿಗೆ ಒಳಗಿನವರು ಈ ಬಾಗಿಲು ಮುಚ್ಚುತ್ತಿದ್ದಾರೆ. ನೆಂಟರು ಬರುವ ಹೊತ್ತಿಗೇ ಒಲೆ ಕಿತ್ತು ಹೊಸ ಒಲೆ ಹೂಡುವವರನ್ನು ನಮ್ಮ ಕಡೆ ಏನೆನ್ನುತ್ತಾರೆ, ನೀವೇ ಹೇಳಿ.

ಅವರ ವಾದ ನನಗೆ ಗೊತ್ತು. ಎರಡೆರಡು ಏರ್ಪಾಡು ಸಾಕುವುದು ಕಷ್ಟ, ಕೆಲಸ ಮಾಡುವವರು ಕಡಿಮೆ, ಎಕ್ಸಿನ ಹಳೆಯ ಬರವಣಿಗೆಯೊಳಗೆ ಇಳಿಯಲು ಯಾರಿಗೂ ಮನಸ್ಸಿಲ್ಲ. ಇದರಲ್ಲಿ ಸುಳ್ಳೇನಿಲ್ಲ. ಎರಡು ಒಲೆ ಉರಿಸುವ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮನೆಯಲ್ಲಿ ಗ್ಯಾಸು ಬಂದ ದಿನವೇ ಸೀಮೆಎಣ್ಣೆ ಸ್ಟೋವನ್ನು ನಾವು ಯಾರೂ ಎಸೆಯಲಿಲ್ಲ. ಸಿಲಿಂಡರು ಸಮಯಕ್ಕೆ ಬರುತ್ತದೆಂದು ನಂಬಿಕೆ ಹುಟ್ಟುವವರೆಗೆ ಅಟ್ಟದ ಮೇಲಿಟ್ಟುಕೊಂಡಿದ್ದೆವು. ಹೊಸದು ತನ್ನ ಕೆಲಸವನ್ನು ಅತ್ಯಂತ ದುರ್ಬಲ ಯಂತ್ರದಲ್ಲೂ ಮಾಡಿ ತೋರಿಸಲಿ, ಆ ಮೇಲೆ ಹಳೆಯದನ್ನು ಕಳುಹಿಸಿ. ನಾನು ಕೇಳುತ್ತಿರುವುದು ಇಷ್ಟೇ.

"ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ದೂರೇ? ದಾನ ಕೊಟ್ಟ ಆಕಳ ಹಲ್ಲು ಎಣಿಸುತ್ತೀರಲ್ಲ" ಎನ್ನುವ ಇನ್ನೊಂದು ವರ್ಗವಿದೆ. ಇವರ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಆಕಳನ್ನು ಕೊಡುವಾಗ "ಇದು ಎಲ್ಲರದು, ಎಲ್ಲರಿಗಾಗಿ" ಎಂದು ಸಾರಿ ಕೊಟ್ಟಿರಿ. ಎಲ್ಲರದು ಎಂದ ಮೇಲೆ ನಮ್ಮದೂ ಆಯಿತಲ್ಲ. ನಮ್ಮ ಹಸುವಿನ ಹಲ್ಲು ನಾವು ನೋಡಿಕೊಳ್ಳಬಾರದೇ? ಹಣ ಕೊಡಲಾರದವಳು ಬಾಯಿ ತೆರೆಯಬಾರದು ಎನ್ನುವುದು ಹೆಣ್ಣುಮಕ್ಕಳಿಗೆ ಹೊಸ ನ್ಯಾಯವೇನಲ್ಲ.

ಆಟವನ್ನು ತಾತ್ಸಾರ ಮಾಡುವ ಮನಸ್ಸು ಆಟದಲ್ಲೇ ನಿಲ್ಲುವುದಿಲ್ಲ ಎನ್ನುವುದನ್ನೂ ನೋಡಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶವಿದೆ. ಒಬ್ಬರ ಕೋಣೆಗೆ ಇನ್ನೊಬ್ಬರು ಇಣುಕಬಾರದು ಎಂಬ ಕಟ್ಟಳೆಯಲ್ಲಿ, ಇಣುಕಿ ಓದಿ ಹೇಳುವುದೇ ಕೆಲಸವಾಗಿರುವ ಈ ಸಹಾಯಕನಿಗೂ ವೇಲ್ಯಾಂಡಿನಲ್ಲಿ ಬಹುಕಾಲ ತೊಡಕಾಯಿತು. ನನ್ನ ಚಾಳೀಸಿನ ವಿಷಯವನ್ನೇ ತೆಗೆದುಕೊಳ್ಳಿ. ಅಕ್ಷರ ದೊಡ್ಡದು ಮಾಡಲು ಪರದೆಯನ್ನು ನೂರಕ್ಕೆ 125 ಮಾಡಿದರೆ, ಎಕ್ಸ್‌ವೇಲ್ಯಾಂಡಿನ ಮೂಲಕ ಬರುವ ಹಳೆಯ ಪ್ರೋಗ್ರಾಮುಗಳ ಅಕ್ಷರ ಮಸುಕಾಗುತ್ತಿತ್ತು. ದೊಡ್ಡದಾಯಿತು, ಓದಲು ಮಾತ್ರ ಆಗದು. ಇಪ್ಪತ್ತೈದರ ಕಣ್ಣಿನವರು ಕಟ್ಟಿದ ಮನೆಯಲ್ಲಿ ಐವತ್ತೈದರವಳಿಗೆ ಮೆಟ್ಟಿಲು ಎತ್ತರ. ಆಡುವವಳು, ಕುರುಡ, ಚಾಳೀಸಿನವಳು, ಹಳೆಯ ಕಾರ್ಡಿನವನು, ಎಲ್ಲರನ್ನೂ "ಅಪರೂಪದ ಪ್ರಕರಣ" ಎಂಬ ಒಂದೇ ಪಟ್ಟಿಗೆ ಹಾಕುತ್ತ ಹೋದರೆ ಕೊನೆಗೆ ಆ ಪಟ್ಟಿಯ ಹೊರಗೆ ಯಾರು ಉಳಿದರು?

ಎಲ್ಲ ದೋಷವನ್ನೂ ಪರದೆಯ ಮೇಲೆ ಹೊರಿಸುವುದೂ ಅನ್ಯಾಯವೇ. ಕೆಲವು ಪ್ರಸಿದ್ಧ ಆಟಗಳು ಲಿನಕ್ಸಿನಲ್ಲಿ ನಡೆಯದಿರಲು ಕಾರಣ ಬೇರೆ: ಮೋಸ ಹಿಡಿಯುವ ಕಾವಲುಗಾರ ತಂತ್ರಾಂಶಕ್ಕೆ ಅಲ್ಲಿ ನಂಬಿಕೆಯಿಲ್ಲ. ಏಪೆಕ್ಸ್ ಲೆಜೆಂಡ್ಸ್ ಎಂಬ ಆಟ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸಿನವರನ್ನು ಹೊರಗಿಟ್ಟಿತು. ಇದು ಆಟ ಮಾಡುವ ಕಂಪನಿಗಳ ಪಾಪ, ಅವರ ಜಗಳ ಇನ್ನೊಮ್ಮೆ ಆಡೋಣ.

ಮನೆಯ ಮಾತಿಗೆ ಬಂದರೆ, ಹುಡುಗಿ ಕೊನೆಗೆ ಎಕ್ಸ್ ಬಾಗಿಲು ಇನ್ನೂ ಇರುವ ಹಿಂದಿನ ಆವೃತ್ತಿಯನ್ನು ಹುಡುಕಿ ಹಾಕಿಕೊಂಡಳು. ಚಕ್ರದ ಗುರುತು ಒತ್ತಿ ಎಕ್ಸಿನಲ್ಲಿ ತೆರೆದಾಗ ರಾಜಿ ಓಡಿದಳು, ನೆಗೆದಳು, ಬಿಲ್ಲೂ ಎತ್ತಿದಳು. ನಿಮ್ಮ ಮನೆಯಲ್ಲೂ ಇಂಥ ಡಬ್ಬವಿದ್ದರೆ ನೆನಪಿಟ್ಟುಕೊಳ್ಳಿ: ಉಬುಂಟು 24.04ರಲ್ಲಿ ಎರಡೂ ಬಾಗಿಲುಗಳಿವೆ, ಅದರ ಸಾಮಾನ್ಯ ಬೆಂಬಲ 2029ರವರೆಗೆ ಇದೆ. ಲಿನಕ್ಸ್ ಮಿಂಟ್ 22 ಕೂಡ 2029ರವರೆಗಿನದೇ, ಅದು ಮಾಮೂಲಾಗಿ ತೆರೆಯುವುದೇ ಎಕ್ಸಿನಲ್ಲಿ. ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಮೊದಲು ವೇಲ್ಯಾಂಡಿನಲ್ಲೇ ಆಡಿ ನೋಡಿ, ಬಹುಶಃ ಯಾವ ತೊಂದರೆಯೂ ಆಗಲಿಕ್ಕಿಲ್ಲ. ಗುಜರಿಯವನಿಗೆ ಮಾತ್ರ ಫೋನು ಮಾಡಬೇಡಿ.

ಈ ಎರಡು ಮೂರು ತಿಂಗಳಲ್ಲಿ ಅವಳು ಕಲಿತದ್ದನ್ನು ಯಾವ ಟ್ಯೂಷನ್ನೂ ಕಲಿಸುತ್ತಿರಲಿಲ್ಲ. ಕಾರ್ಡಿನ ಹೆಸರು, ಡ್ರೈವರಿನ ಸಂಖ್ಯೆ, ಸೆಕೆಂಡಿಗೆ ಎಷ್ಟು ಚಿತ್ರ ಬಂತು ಎಂದು ಎಕ್ಸಿನಲ್ಲಿ ಬೇರೆ ವೇಲ್ಯಾಂಡಿನಲ್ಲಿ ಬೇರೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದಾಳೆ. ಪ್ರಯೋಗಶಾಲೆಯಲ್ಲಿ ಇದನ್ನೇ ಮಾಡಿದ್ದರೆ ಇಪ್ಪತ್ತಕ್ಕೆ ಇಪ್ಪತ್ತು ಕೊಡುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಲು ನನ್ನ ಮುಖ ನೋಡುತ್ತಿದ್ದವಳು, ಈ ಅಂಕಿಗಳನ್ನೆಲ್ಲ ಸೇರಿಸಿ, ಸಾವಿರಾರು ಮೈಲಿ ಆಚೆ ಕೂತ ತಂತ್ರಾಂಶದವರಿಗೆ ಒಂದೂವರೆ ಪುಟದ ದೂರು ಬರೆದಿದ್ದಾಳೆ. ಅದರಲ್ಲಿ ಅಳುವಿಲ್ಲ, ಬೈಗುಳವಿಲ್ಲ. ಇಂಥ ಯಂತ್ರ, ಇಂಥ ಆಟ, ಇಂಥಲ್ಲಿ ತಡೆಯುತ್ತದೆ, ನೋಡಿ ಸರಿಮಾಡಿ ಎಂದಿದೆ. ನಾನು ಎರಡು ಕಡೆ ವ್ಯಾಕರಣ ತಿದ್ದಿದೆ, ಅಷ್ಟೇ. ಇವರಿಗೆ ಇಂಥ ದೂರುಗಳು ನೂರಾರು ಊರುಗಳಿಂದ, ನೂರಾರು ಹುಡುಗಿಯರಿಂದ ಹೋಗಬೇಕು. ಆಗ ಪಟ್ಟಿಯಿಂದ ಹೆಸರು ಹೊಡೆಯುವ ಕೈ ಸ್ವಲ್ಪವಾದರೂ ತಡೆಯುತ್ತದೆ.

ತಂಗಿಯ ಗಂಡ ಇನ್ನೂ ಸಮಾಧಾನವಾಗಿಲ್ಲ. "ಹೊಸದಂತೂ ತರೋದಿಲ್ಲ ಅತ್ತಿಗೆ, ಇದನ್ನ ಕೊಟ್ಟುಬಿಟ್ಟರೆ ಮೇಜಾದರೂ ಖಾಲಿಯಾಗತ್ತೆ, ಓದಿಗೆ ಅನುಕೂಲ" ಎಂದು ಹೋದ ವಾರ ನನ್ನೆದುರೇ ಅಂದರು. ಮೇಜು ಚಿಕ್ಕದಾದರೆ ನಮ್ಮ ಮನೆಯ ದೊಡ್ಡ ಮೇಜು ತಂದು ಹಾಕಿಸುತ್ತೇನೆ ಎಂದೆ. ತಂಗಿ ಒಳಗಿನಿಂದ, "ಅಕ್ಕ, ಆಟೋಗೆ ಹೇಳಲಾ?" ಎಂದು ಕೂಗಿದಳು.